ಚರ್ಚಿನ ಮೈಕಿಗೆ ಕಡಿಮೆ ಖರ್ಚಿನ ಎಫೆಕ್ಟ್ ಬಾಕ್ಸ್: ಕೊಳ್ಳುವ ಮೊದಲು ಒಂದು ಚಪ್ಪಾಳೆ ಹೊಡೆದು ನೋಡಿ

ಜನ ಬರುವ ಮೊದಲು ನಿಮ್ಮ ಚರ್ಚಿನ ಮಧ್ಯದಲ್ಲಿ ನಿಂತು ಜೋರಾಗಿ ಒಂದು ಚಪ್ಪಾಳೆ ಹೊಡೆಯಿರಿ. ಸದ್ದು ಪೂರ್ತಿ ಅಡಗುವುದಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ಗಮನಿಸಿ. ಕೋಲಾರದ ಕಡೆ ಈಚೆಗೆ ಕಟ್ಟಿದ ಆರ್‌ಸಿಸಿ ಚರ್ಚುಗಳಲ್ಲಿ, ನೆಲಕ್ಕೆ ಟೈಲ್ಸ್, ಗೋಡೆಗೆ ನುಣುಪು ಗಾರೆ, ಮುಂದೆ ಗ್ರಾನೈಟ್ ಇದ್ದರೆ, ಎರಡು ಮೂರು ಸೆಕೆಂಡು ಆರಾಮಾಗಿ ಎಳೆಯುತ್ತದೆ. ಕೆಜಿಎಫ್ ಕಡೆಯ ಬ್ರಿಟಿಷರ ಕಾಲದ ಎತ್ತರದ ಚರ್ಚುಗಳಲ್ಲೂ ಹಾಗೇ. ಆ ಎಳೆತದ ಹೆಸರೇ ರಿವರ್ಬ್. ಕ್ವಯರ್ (ಚರ್ಚಿನ ಹಾಡುವ ತಂಡ) ಹುಡುಗರು ಎಫೆಕ್ಟ್ ಬಾಕ್ಸ್, ಅಂದರೆ ಮೈಕಿನ ದನಿಗೆ ರಿವರ್ಬ್, ಎಕೋ ಬೆರೆಸುವ ಯಂತ್ರದ ಹೆಸರಲ್ಲಿ, ದುಡ್ಡು ಕೊಟ್ಟು ತರೋಣ ಅನ್ನುತ್ತಿರುವುದೂ ಅದನ್ನೇ.

"ಅಣ್ಣಾ, ಹಾಡು ಸಪ್ಪೆ ಕೇಳುತ್ತೆ, ರೆಕಾರ್ಡಿಂಗ್ ತರ ಬರಬೇಕು, ಯಾವ ಬಾಕ್ಸ್ ತಗೊಳ್ಳೋಣ?" ಚರ್ಚಿನಲ್ಲಿ ಸೌಂಡ್ ನೋಡಿಕೊಳ್ಳುವವರಿಗೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಕಾಣಿಕೆ ದುಡ್ಡಿನಲ್ಲಿ ಕೊಳ್ಳುವ ಸಾಮಾನು. ಕಮಿಟಿಗೆ ಲೆಕ್ಕ ಒಪ್ಪಿಸಬೇಕು. ಹಾಗಾಗಿ ಕಂಪನಿ ಹೆಸರು ಆಮೇಲೆ. ಮೊದಲು ಕಟ್ಟಡದ ಲೆಕ್ಕ ನೋಡೋಣ.

ಈ ಲೆಕ್ಕ ಹಾಕಿಕೊಟ್ಟವರು ವ್ಯಾಲೇಸ್ ಸೇಬಿನ್ ಅನ್ನುವ ಅಮೆರಿಕದ ಭೌತಶಾಸ್ತ್ರದ ಮೇಷ್ಟ್ರು. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಹೊಸ ಪಾಠದ ಹಾಲ್‌ನಲ್ಲಿ ಮಾತೇ ಅರ್ಥವಾಗುತ್ತಿರಲಿಲ್ಲ. ಅದನ್ನು ಸರಿಮಾಡಿ ಅಂತ ಸೇಬಿನ್‌ಗೆ ಹೇಳಿದರು. ಅವರು ರಾತ್ರಿ ಹೊತ್ತು ಬೇರೆ ಥಿಯೇಟರಿನ ಸೀಟುಗಳ ಮೆತ್ತೆಗಳನ್ನು ಹೊರಿಸಿ ತಂದು, ಒಂದೊಂದಾಗಿ ಹಾಲ್‌ನಲ್ಲಿ ಜೋಡಿಸಿದರು. ಆರ್ಗನ್ ಪೈಪ್ ಊದಿ, ಸದ್ದು ಸಾಯುವ ಹೊತ್ತನ್ನು ಸ್ಟಾಪ್‌ವಾಚ್‌ನಲ್ಲಿ ಅಳೆದರು. ಕೊನೆಗೆ ಸಿಕ್ಕಿದ ಸೂತ್ರ ಸುಲಭ. ಹಾಲ್‌ನ ಗಾತ್ರವನ್ನು ಘನ ಮೀಟರ್‌ನಲ್ಲಿ ತೆಗೆದುಕೊಂಡು 0.161ರಿಂದ ಗುಣಿಸಿ, ಒಳಗಿರುವ ವಸ್ತುಗಳೆಲ್ಲ ಸೇರಿ ಎಷ್ಟು ಸದ್ದು ಹೀರುತ್ತವೋ ಅದರಿಂದ ಭಾಗಿಸಿ. ಎಷ್ಟು ಸೆಕೆಂಡು ಅಂತ ಬರುತ್ತದೆ. ಹೀರುವುದನ್ನು ಅಳೆಯಲು ಅವರು ಹಿಡಿದ ಅಳತೆ ಇನ್ನೂ ಚೆನ್ನಾಗಿದೆ: ಒಂದು ತೆರೆದ ಕಿಟಕಿ. ಕಿಟಕಿಯಿಂದ ಆಚೆ ಹೋದ ಸದ್ದು ವಾಪಸ್ ಬರುವುದಿಲ್ಲ ಅಲ್ವಾ? ಅಂದರೆ ಒಂದು ಚದರ ಮೀಟರ್ ತೆರೆದ ಕಿಟಕಿ ಒಂದು ಅಂಕ ಹೀರುತ್ತದೆ.

ನಮ್ಮ ಕಡೆಯ ಒಂದು ಸಾಧಾರಣ ಚರ್ಚು ಅಂದುಕೊಳ್ಳಿ. 60 ಅಡಿ ಉದ್ದ, 30 ಅಡಿ ಅಗಲ, 16 ಅಡಿ ಎತ್ತರ. ಮೀಟರ್‌ನಲ್ಲಿ ಸುಮಾರು 18, 9, 5. ಗಾತ್ರ 810 ಘನ ಮೀಟರ್. ನೆಲ, ಸೂರು, ನಾಲ್ಕು ಗೋಡೆ ಸೇರಿ ಹೆಚ್ಚುಕಡಿಮೆ 594 ಚದರ ಮೀಟರ್. ಗಾರೆ, ಟೈಲ್ಸ್, ಕಾಂಕ್ರೀಟ್ ಹೀರುವುದು ಬಹಳ ಕಡಿಮೆ, ನೂರಕ್ಕೆ ಮೂರು ಅಂತ ಇಟ್ಟುಕೊಂಡರೆ 18 ಅಂಕ. ಸೂತ್ರಕ್ಕೆ ಹಾಕಿದರೆ ಖಾಲಿ ಹಾಲ್‌ನಲ್ಲಿ ಸದ್ದು 7 ಸೆಕೆಂಡಿಗಿಂತ ಜಾಸ್ತಿ ಎಳೆಯಬೇಕು. ಬೆಂಚು, ಬಾಗಿಲು, ಪರದೆ ಇರುವುದರಿಂದ ನಿಜದಲ್ಲಿ ಅಷ್ಟು ಬರುವುದಿಲ್ಲ, ಬಿಡಿ. ಈಗ ಭಾನುವಾರ 120 ಜನ ಬಂದು ಕೂತರು. ಬಟ್ಟೆ ತೊಟ್ಟ ಒಬ್ಬ ಮನುಷ್ಯ ಸುಮಾರು ಅರ್ಧ ಅಂಕದಷ್ಟು ಹೀರುತ್ತಾನೆ. 0.45 ಅಂತ ಹಿಡಿದರೆ 54 ಅಂಕ ಸೇರಿತು. ಒಟ್ಟು 72. ಎಳೆತ 1.8 ಸೆಕೆಂಡಿಗೆ ಇಳಿಯಿತು. ಹತ್ತು ಹನ್ನೆರಡು ಚದರ ಮೀಟರ್ ಕಿಟಕಿ ತೆರೆದರೆ ಒಂದೂವರೆ ಸೆಕೆಂಡಿನ ಹತ್ತಿರ ಬರುತ್ತದೆ.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಜನ ತುಂಬಿದ ಮೇಲೂ ಈ ಚರ್ಚಿನಲ್ಲಿ ಒಂದೂವರೆ ಸೆಕೆಂಡಿನ ರಿವರ್ಬ್ ಪುಕ್ಕಟೆ ಇದೆ. ಅದರ ಮೇಲೆ ಬಾಕ್ಸಿನ 'ಲಾರ್ಜ್ ಹಾಲ್' ಸೇರಿಸಿದರೆ ಹಾಡು ದೊಡ್ಡದಾಗುವುದಿಲ್ಲ, ಕಲಸಿಹೋಗುತ್ತದೆ. ಎರಡನೆಯದು, ಶನಿವಾರ ಸಂಜೆ ಖಾಲಿ ಚರ್ಚಿನಲ್ಲಿ ಪ್ರಾಕ್ಟೀಸ್ ಮಾಡುವಾಗ ಸರಿ ಅನ್ನಿಸಿದ ಸೆಟ್ಟಿಂಗ್ ಭಾನುವಾರ ಬೇರೆಯೇ ಕೇಳುತ್ತದೆ. ಕ್ರಿಸ್‌ಮಸ್ ರಾತ್ರಿ ಸ್ವೆಟರು, ಶಾಲು ಹೊದ್ದು ಬಾಗಿಲವರೆಗೂ ಜನ ನಿಂತಾಗ ಇನ್ನೂ ಬೇರೆ. ಹಾಗಾಗಿ ಶನಿವಾರದ ಕಿವಿಯನ್ನು ನಂಬಿ ಬಾಕ್ಸ್ ಆರಿಸಬೇಡಿ.

ಮಾತಿನ ವಿಷಯದಲ್ಲಿ ಇದು ಇನ್ನೂ ಕಟು. ಅಯ್ಯನವರ (ಪಾದ್ರಿಗಳ) ಪ್ರಸಂಗ ಸ್ಪಷ್ಟವಾಗಿ ಕೇಳಬೇಕಾದರೆ ಎಳೆತ ಒಂದು ಸೆಕೆಂಡಿನ ಆಸುಪಾಸು ಇದ್ದರೆ ಚೆನ್ನ. ಕನ್ನಡದಲ್ಲಿ 'ಅಪ್ಪ' ಅನ್ನುವಾಗ ತುಟಿ ಮುಚ್ಚಿದ ಒಂದು ಕ್ಷಣ ಸದ್ದೇ ಇರುವುದಿಲ್ಲ. ಒತ್ತು ಕಿವಿಗೆ ತಿಳಿಯುವುದು ಆ ಬಿಡುವಿನಿಂದ. ರಿವರ್ಬ್ ಜಾಸ್ತಿಯಾದರೆ ಹಿಂದಿನ ಸ್ವರದ ಬಾಲ ಬಂದು ಆ ಬಿಡುವನ್ನು ತುಂಬಿಬಿಡುತ್ತದೆ. ಹಿಂದಿನ ಬೆಂಚಿನ ಅಜ್ಜಿ "ಏನೂ ತಿಳಿಯಲ್ಲಪ್ಪ" ಅಂದಾಗ ನಾವು ವಾಲ್ಯೂಮ್ ಏರಿಸುತ್ತೇವೆ. ಸಮಸ್ಯೆ ವಾಲ್ಯೂಮಿನದಲ್ಲ.

ಇದೇ ಕ್ವಯರ್ ಮೈದಾನದಲ್ಲಿ ಶಾಮಿಯಾನ ಹಾಕಿದ ಉಜ್ಜೀವನ ಕೂಟಕ್ಕೆ ಹೋದರೆ ಕಥೆ ಪೂರ್ತಿ ಉಲ್ಟಾ. ಗೋಡೆಯೇ ಇಲ್ಲ, ಸದ್ದು ಹೋದದ್ದು ಹೋಯಿತು. ದನಿ ಬೋಳು ಬೋಳಾಗಿ ಕೇಳುತ್ತದೆ. ಎಫೆಕ್ಟ್ ಬಾಕ್ಸ್ ನಿಜವಾಗಿ ದುಡಿಯುವುದು ಅಲ್ಲಿ. ನಿಮ್ಮ ತಂಡ ವರ್ಷದಲ್ಲಿ ಎಷ್ಟು ಸಲ ಹೊರಗೆ ಹಾಡುತ್ತದೆ ಅನ್ನುವುದು ಖರೀದಿಯ ಮುಖ್ಯ ಪ್ರಶ್ನೆ.

ಇನ್ನು ಬಾಕ್ಸ್ ಒಳಗೆ ಏನಿದೆ ನೋಡೋಣ. ನಮ್ಮ ಕಡೆ ಎಲ್ಲವನ್ನೂ 'ಎಕೋ' ಅಂತಲೇ ಕರೆಯುತ್ತಾರೆ, ಆದರೆ ಎರಡು ಬೇರೆ ಬೇರೆ ಕೆಲಸ ಇವೆ. ದನಿ ಬಿಡಿ ಬಿಡಿಯಾಗಿ ಮತ್ತೆ ಕೇಳಿದರೆ ಅದು ಡಿಲೇ. ಸಾವಿರಾರು ಪ್ರತಿಧ್ವನಿ ಬೆರೆತು ಒಂದೇ ಬಾಲವಾದರೆ ರಿವರ್ಬ್. ರಿವರ್ಬ್‌ನಲ್ಲಿ ಹಾಲ್, ರೂಮ್, ಪ್ಲೇಟ್ ಅಂತ ಹೆಸರುಗಳಿರುತ್ತವೆ. ಮೊದಲೆರಡು ಕಟ್ಟಡಗಳ ನಕಲು. ಪ್ಲೇಟ್ ಅನ್ನುವುದು ಕಬ್ಬಿಣದ ತಗಡಿನ ನಕಲು. 1957ರಲ್ಲಿ ಜರ್ಮನಿಯ ಇಎಂಟಿ ಕಂಪನಿ ಒಂದು ದೊಡ್ಡ ಚೌಕಟ್ಟಿನಲ್ಲಿ ತೆಳು ಉಕ್ಕಿನ ಹಾಳೆ ತೂಗುಹಾಕಿ, ಅದನ್ನು ನಡುಗಿಸಿ ರಿವರ್ಬ್ ತೆಗೆಯುವ 140 ಅನ್ನುವ ಯಂತ್ರ ಮಾಡಿತು. ಕಾಲು ಟನ್‌ಗಿಂತ ಜಾಸ್ತಿ ತೂಕ. ಇವತ್ತು ಅಂಗೈ ಅಗಲದ ಪೆಡಲ್‌ನಲ್ಲಿ ಅದರ ನಕಲು ಸಿಗುತ್ತದೆ. ಮೊದಲೇ ಎಳೆಯುವ ಚರ್ಚಿನಲ್ಲಿ ಹಾಡಿಗೆ ನಾನು ಪ್ಲೇಟ್ ಅನ್ನೇ ಇಡುತ್ತೇನೆ, ಒಂದು ಸೆಕೆಂಡಿನೊಳಗೆ. ಪ್ಲೇಟ್‌ಗೆ ಕಟ್ಟಡದ ಆಕಾರ ಇಲ್ಲ. ಹಾಗಾಗಿ ನಿಮ್ಮ ಕಟ್ಟಡದ ಜೊತೆ ಜಗಳಕ್ಕೆ ಬೀಳುವುದು ಕಡಿಮೆ.

ಬಾಕ್ಸ್ ಆರಿಸುವಾಗ ನೂರು ಪ್ರಿಸೆಟ್ (ಕಂಪನಿಯವರೇ ಹಾಕಿಟ್ಟ ಸೆಟ್ಟಿಂಗ್) ಇದೆಯಾ ಅಂತ ನೋಡುವುದಕ್ಕಿಂತ, ಮೂರು ಗುಂಡಿ ಇವೆಯಾ ನೋಡಿ. ಒಂದು, ರಿವರ್ಬ್ ಎಷ್ಟು ಹೊತ್ತು ಎಳೆಯಬೇಕು ಅನ್ನುವುದು. ಎರಡು, ಪ್ರಿ-ಡಿಲೇ. ಅಂದರೆ ದನಿ ಬಂದು ಎಷ್ಟು ಮಿಲಿಸೆಕೆಂಡ್ ಆದಮೇಲೆ ಬಾಲ ಶುರುವಾಗಬೇಕು ಅನ್ನುವುದು. 20ರಿಂದ 40 ಇಟ್ಟರೆ ವ್ಯಂಜನ ಮೊದಲು ಚೊಕ್ಕವಾಗಿ ಕೇಳಿ, ಬಾಲ ಹಿಂದೆ ಬರುತ್ತದೆ. ಮೂರು, ಬಾಲದ ಕೆಳಗಿನ ಸದ್ದನ್ನು ಕತ್ತರಿಸುವ ಲೋ ಕಟ್. 250 ಹರ್ಟ್ಸ್ ಕೆಳಗೆ ರಿವರ್ಬ್ ಬೇಕಾಗಿಲ್ಲ. ಅಲ್ಲಿ ಬರುವುದು ಬರೀ ಗುಂಯ್ ಅನ್ನುವ ಗದ್ದಲ. ಬರೀ ಪ್ರಿಸೆಟ್ ನಂಬರ್ ತಿರುಗಿಸುವ ಗುಂಡಿ ಮಾತ್ರ ಇದ್ದರೆ, ಎಷ್ಟೇ ಅಗ್ಗವಾಗಿದ್ದರೂ ಚರ್ಚಿಗೆ ಆಗಿಬರುವುದಿಲ್ಲ.

ಡಿಲೇ ಬಗ್ಗೆ ಒಂದೇ ಮಾತು. ತಾಳಕ್ಕೆ ಹೊಂದಬೇಕಾದರೆ 60000ವನ್ನು ಹಾಡಿನ ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ತಾಳ ಬೀಳುತ್ತದೆ ಅನ್ನುವುದು) ಭಾಗಿಸಿ. 72ರ ಹಾಡಿಗೆ 833 ಮಿಲಿಸೆಕೆಂಡ್, ಅದರ ಅರ್ಧ 417. ಟ್ಯಾಪ್ ಗುಂಡಿ ಇರುವ ಬಾಕ್ಸ್ ಆದರೆ ತಾಳಕ್ಕೆ ಒತ್ತಿದರೆ ಸಾಕು, ಲೆಕ್ಕವೇ ಬೇಡ.

ಹಾಡು ಸಪ್ಪೆ ಅಂತ ದೂರು ಬಂದಾಗ, ಬಹಳ ಸಲ ನಿಜವಾಗಿ ಕೊರತೆ ಇರುವುದು ರಿವರ್ಬ್‌ನದಲ್ಲ, ಕಂಪ್ರೆಸರ್‌ನದು. ಹಾಡುವವರು ಪಲ್ಲವಿಯಲ್ಲಿ ಪಿಸುಗುಟ್ಟುತ್ತಾರೆ, ಕೊನೆಗೆ ಕೂಗುತ್ತಾರೆ. ಪಿಸುಮಾತು ಕೀಬೋರ್ಡ್ ಕೆಳಗೆ ಮುಳುಗುತ್ತದೆ. ಕಂಪ್ರೆಸರ್ ಜೋರಿನ ಭಾಗವನ್ನು ತಗ್ಗಿಸುತ್ತದೆ. 3:1 ಇಟ್ಟರೆ ನೀವು ಗೊತ್ತುಮಾಡಿದ ಗೆರೆ ದಾಟಿ 12 ಡೆಸಿಬೆಲ್ ಏರಿದ ದನಿ 4 ಮಾತ್ರ ಏರಿದ ಹಾಗೆ ಆಚೆ ಬರುತ್ತದೆ. ಆಮೇಲೆ ಒಟ್ಟು ದನಿಯನ್ನು ಸ್ವಲ್ಪ ಮೇಲೆತ್ತಬಹುದು. ಆದರೆ 6 ಡೆಸಿಬೆಲ್ ಎತ್ತಿದರೆ, ಮೈಕ್ ಕುಯ್ ಅನ್ನುವುದಕ್ಕೆ 6 ಡೆಸಿಬೆಲ್ ಹತ್ತಿರ ಹೋದ ಹಾಗೆ. ಸ್ಪೀಕರ್ ಹಾಡುವವರ ಬೆನ್ನ ಹಿಂದಿದ್ದು ಮೈಕಿನ ಕಡೆ ತಿರುಗಿದ್ದರೆ ಕಂಪ್ರೆಸರ್ ಹಾಕಿದ ದಿನವೇ ಕುಯ್ಗುಡುತ್ತದೆ. ಅದಕ್ಕೆ ಮೊದಲು ಪುಕ್ಕಟೆ ಉಪಾಯ: ಮೈಕ್ ಬಾಯಿಂದ 10 ಸೆಂಟಿಮೀಟರ್ ದೂರ ಇದ್ದರೆ 5ಕ್ಕೆ ತನ್ನಿ. ದೂರ ಅರ್ಧವಾದರೆ ದನಿ 6 ಡೆಸಿಬೆಲ್ ಏರುತ್ತದೆ. ಯಾವ ಬಾಕ್ಸೂ ಇಷ್ಟು ಚೊಕ್ಕವಾಗಿ ಈ ಕೆಲಸ ಮಾಡುವುದಿಲ್ಲ. ಮೈಕನ್ನು ಎದೆ ಹತ್ತಿರ ಹಿಡಿದು ಹಾಡುವ ತಂಗಿಯರಿಗೆ ಇದನ್ನು ಒಪ್ಪಿಸುವುದೇ ಕಷ್ಟ, ಅದು ಬೇರೆ ಮಾತು.

ಈಗ ಜನ ಹೆಚ್ಚು ದುಡ್ಡು ಕಳೆದುಕೊಳ್ಳುವ ಜಾಗಕ್ಕೆ ಬರೋಣ. ಮಾರ್ಕೆಟ್‌ನಲ್ಲಿ ಎರಡು ಜಾತಿ ಬಾಕ್ಸ್ ಇವೆ. ಎರಡನ್ನೂ ವೋಕಲ್ ಎಫೆಕ್ಟ್ ಅಂತಲೇ ಮಾರುತ್ತಾರೆ.

ಮೊದಲ ಜಾತಿ ಮೈಕ್ ಪೆಡಲ್. ಟಿಸಿ-ಹೆಲಿಕಾನ್‌ನ ಮೈಕ್ ಮೆಕ್ಯಾನಿಕ್, ಬಾಸ್ ವಿಇ-2, ಜೂಮ್ ವಿ3 ಇವೆಲ್ಲ ಈ ಗುಂಪು. ಮೈಕಿನ ವೈರ್ ನೇರ ಇದಕ್ಕೆ ಬಂದು, ಇದರಿಂದ ಮಿಕ್ಸರ್‌ಗೆ (ಎಲ್ಲ ಮೈಕುಗಳೂ ಬಂದು ಸೇರುವ ಯಂತ್ರ) ಹೋಗುತ್ತದೆ. ಹಾಡುವವರು ಕಾಲಲ್ಲೋ ಕೈಯಲ್ಲೋ ಒತ್ತುತ್ತಾರೆ. ಗಿಟಾರ್ ಹಿಡಿದು ಒಬ್ಬರೇ ಆರಾಧನೆ ನಡೆಸುವ ಕಡೆ ಇದು ಬಹಳ ಸರಿ. ಆದರೆ ಒಂದು ಪೆಡಲ್ ಒಂದು ಮೈಕಿಗೆ. ಆರು ಜನರ ಕ್ವಯರ್‌ಗೆ ಒಂದು ಪೆಡಲ್ ತಂದರೆ ಒಬ್ಬರ ದನಿ ಮಾತ್ರ ಮಿಂಚಿ, ಉಳಿದ ಐವರು ಬೇರೆ ಕೋಣೆಯಲ್ಲಿ ಹಾಡಿದ ಹಾಗೆ ಕೇಳುತ್ತದೆ.

ಎರಡನೇ ಜಾತಿ ಮಿಕ್ಸರ್‌ನ ಆಕ್ಸ್‌ಗೆ, ಅಂದರೆ ದನಿಯ ಒಂದು ಪಾಲನ್ನು ಆಚೆ ಕಳಿಸುವ ದಾರಿಗೆ, ಸಿಕ್ಕಿಸುವ ಬಾಕ್ಸ್. ಬೆಹ್ರಿಂಜರ್‌ನ ವರ್ಚುವಲೈಸರ್ ಎಫ್‌ಎಕ್ಸ್2000, ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುವ ಲೆಕ್ಸಿಕಾನ್ ಎಂಎಕ್ಸ್200 ಇಂಥವು. ಪ್ರತಿ ಚಾನೆಲ್‌ನ (ಮಿಕ್ಸರ್‌ನಲ್ಲಿ ಒಂದು ಮೈಕಿನ ಸಾಲು) ಆಕ್ಸ್ ಗುಂಡಿಯಿಂದ ಯಾರ ದನಿ ಎಷ್ಟು ಬಾಕ್ಸಿಗೆ ಹೋಗಬೇಕು ಅಂತ ನೀವೇ ತೀರ್ಮಾನಿಸುತ್ತೀರಿ. ಆರು ಜನರೂ ಒಂದೇ ರಿವರ್ಬ್ ಹಂಚಿಕೊಳ್ಳುತ್ತಾರೆ. ಅಯ್ಯನವರ ಮೈಕಿನ ಗುಂಡಿ ಸೊನ್ನೆಯಲ್ಲಿ. ಕ್ವಯರ್ ಇರುವ ಚರ್ಚಿಗೆ ಬೇಕಾದದ್ದು ಇದು.

ಜೋಡಿಸುವ ಕ್ರಮ ಹೀಗೆ. ಆಕ್ಸ್ ಪೋಸ್ಟ್-ಫೇಡರ್ ಆಗಿರಬೇಕು, ಅಂದರೆ ಫೇಡರ್ (ಚಾನೆಲ್‌ನ ವಾಲ್ಯೂಮಿನ ಜಾರುಗುಂಡಿ) ದಾಟಿದ ಮೇಲಿನ ದನಿಯೇ ಅದಕ್ಕೆ ಹೋಗಬೇಕು. ಇಲ್ಲದಿದ್ದರೆ ಫೇಡರ್ ಇಳಿಸಿದರೂ ದನಿಯ ಬಾಲ ಮಾತ್ರ ದೆವ್ವದ ತರ ಉಳಿಯುತ್ತದೆ. ಆಕ್ಸ್ ಔಟ್‌ನಿಂದ ಬಾಕ್ಸಿಗೆ, ಬಾಕ್ಸಿನಿಂದ ಮಿಕ್ಸರ್‌ನ ರಿಟರ್ನ್‌ಗೆ ಅಥವಾ ಖಾಲಿ ಇರುವ ಸ್ಟೀರಿಯೋ ಚಾನೆಲ್‌ಗೆ. ಆ ವಾಪಸ್ ಬಂದ ಚಾನೆಲ್‌ನಲ್ಲಿ ಅದೇ ಆಕ್ಸ್ ಗುಂಡಿಯನ್ನು ಮುಟ್ಟಬೇಡಿ. ಮುಟ್ಟಿದರೆ ಸದ್ದು ಬಾಕ್ಸಿನಲ್ಲೇ ಸುತ್ತಿ ಸುತ್ತಿ ಕಿರುಚುತ್ತದೆ. ಹಾಡುವವರ ಮುಂದಿನ ಮಾನಿಟರ್‌ಗೂ ರಿವರ್ಬ್ ಕಳಿಸದಿದ್ದರೆ ಒಳ್ಳೆಯದು.

ಬಾಕ್ಸಿನಲ್ಲಿ ಮಿಕ್ಸ್ ಅಂತ ಒಂದು ಗುಂಡಿ ಇರುತ್ತದೆ. ಆಕ್ಸ್‌ನಲ್ಲಿ ಹಾಕಿದಾಗ ಅದನ್ನು ಪೂರ್ತಿ, ನೂರಕ್ಕೆ ನೂರು ಎಫೆಕ್ಟ್ ಕಡೆಗೆ ತಿರುಗಿಸಿ. ಯಾಕೆ ಅಂದರೆ ಮೂಲ ದನಿ ಮಿಕ್ಸರ್‌ನಲ್ಲಿ ಹೇಗೂ ಇದೆ. ಬಾಕ್ಸ್ ಅದನ್ನೇ ಇನ್ನೊಂದು ಸಲ, ಡಿಜಿಟಲ್ ಲೆಕ್ಕಾಚಾರಕ್ಕೆ ಒಂದೆರಡು ಮಿಲಿಸೆಕೆಂಡ್ ತಡ ಮಾಡಿ ಕಳಿಸಿದರೆ, ಎರಡೂ ಒಂದನ್ನೊಂದು ಅಳಿಸುತ್ತವೆ. 2 ಮಿಲಿಸೆಕೆಂಡ್ ತಡವಾದರೆ 250, 750, 1250 ಹರ್ಟ್ಸ್‌ನಲ್ಲಿ ಹಳ್ಳ ಬೀಳುತ್ತದೆ. ದನಿ ಪೈಪಿನೊಳಗಿಂದ ಬಂದ ಹಾಗೆ ಕೇಳುತ್ತದೆ. "ಹೊಸ ಬಾಕ್ಸ್ ಸರಿ ಇಲ್ಲ" ಅಂತ ವಾಪಸ್ ಕೊಡುವವರಲ್ಲಿ ಈ ಗುಂಡಿ ತಿರುಗಿಸದವರೂ ಇರುತ್ತಾರೆ. ಮೈಕ್ ಪೆಡಲ್‌ನಲ್ಲಿ ಮಾತ್ರ ಇದು ಉಲ್ಟಾ. ಅಲ್ಲಿ ಮೂಲ ದನಿ ಪೆಡಲ್ ಮೂಲಕವೇ ಹೋಗಬೇಕು, ಎಫೆಕ್ಟ್ ಸ್ವಲ್ಪವೇ ಬೆರೆಯಬೇಕು.

ಹಾಗಾದರೆ ಏನು ಕೊಳ್ಳೋದು? ಮೊದಲು ಚರ್ಚಿನಲ್ಲಿ ಇರುವುದನ್ನು ನೋಡಿ. ಮಿಕ್ಸರ್ ಮೇಲೆ ಎಫ್‌ಎಕ್ಸ್ ಅಂತ ಬರೆದಿದ್ದರೆ ಒಳಗೇ ಒಂದು ಎಫೆಕ್ಟ್ ಬಾಕ್ಸ್ ಇರಬಹುದು. ಯಮಹಾ ಎಂಜಿ10ಎಕ್ಸ್‌ಯು ಒಳಗೆ 24 ಎಸ್‌ಪಿಎಕ್ಸ್ ಎಫೆಕ್ಟ್‌ಗಳಿವೆ. ಸೌಂಡ್‌ಕ್ರಾಫ್ಟ್ ಇಎಫ್‌ಎಕ್ಸ್ ಸಾಲಿನಲ್ಲಿ 32 ಲೆಕ್ಸಿಕಾನ್ ಎಫೆಕ್ಟ್ ಮತ್ತು ಟ್ಯಾಪ್ ಗುಂಡಿ. ಚರ್ಚಿನ ಹಾಡಿಗೆ ಇವು ಧಾರಾಳ ಸಾಕು. ಒಂದು ಭಾನುವಾರ ಪ್ಲೇಟ್ ಪ್ರಿಸೆಟ್ ಒಂದನ್ನು ಇಟ್ಟು, ರಿಟರ್ನ್ ಫೇಡರ್ ಅನ್ನು ಸೊನ್ನೆಯಿಂದ ನಿಧಾನಕ್ಕೆ ಏರಿಸಿ. ರಿವರ್ಬ್ ಇದೆ ಅಂತ ಗೊತ್ತಾದ ಕೂಡಲೇ ಒಂದು ಕೂದಲಷ್ಟು ಕೆಳಗಿಳಿಸಿ ಬಿಟ್ಟುಬಿಡಿ. ಇದರಲ್ಲೇ ತೃಪ್ತಿಯಾದರೆ ಕಮಿಟಿಗೆ ಬಿಲ್ ಕೊಡುವ ಕೆಲಸವೇ ಇಲ್ಲ.

ಬರೀ ಆಂಪ್ಲಿಫೈಯರ್, ಅದರ ಮೇಲೊಂದು ಎಕೋ ಗುಂಡಿ ಇರುವ ಸಣ್ಣ ಸಭೆಯಾದರೆ, ಬೇರೆ ಎಫೆಕ್ಟ್ ಬಾಕ್ಸ್ ಕೊಳ್ಳಬೇಡಿ. ಆ ದುಡ್ಡನ್ನು ಎಫೆಕ್ಟ್ ಇರುವ ಸಣ್ಣ ಮಿಕ್ಸರ್‌ಗೆ ಹಾಕಿ. ರಿವರ್ಬ್ ಜೊತೆಗೆ ಪ್ರತಿ ಮೈಕಿಗೂ ಇಕ್ಯೂ (ದಪ್ಪ, ತೆಳು ಸದ್ದು ಹೊಂದಿಸುವ ಗುಂಡಿಗಳು), ಲೋ ಕಟ್ ಸಿಗುತ್ತದೆ. ಒಳ್ಳೆ ಮಿಕ್ಸರ್ ಇದ್ದು ಅದರಲ್ಲಿ ಎಫೆಕ್ಟ್ ಮಾತ್ರ ಇಲ್ಲದಿದ್ದರೆ ಆಗ ಆಕ್ಸ್ ಬಾಕ್ಸ್ ತನ್ನಿ. ಮಿಕ್ಸರ್ ಹೇಗೂ ಹಳತಾಗಿ ಬದಲಾಯಿಸುವ ಹೊತ್ತು ಬಂದಿದ್ದರೆ, ಬೆಹ್ರಿಂಜರ್ ಎಕ್ಸ್ಆರ್18 ತರದ ಡಿಜಿಟಲ್ ಮಿಕ್ಸರ್‌ನತ್ತ ಒಮ್ಮೆ ನೋಡಿ. 16 ಮೈಕ್, ಪ್ರತಿ ಚಾನೆಲ್‌ಗೂ ಕಂಪ್ರೆಸರ್ ಮತ್ತು ಗೇಟ್ (ಹಾಡದಿರುವಾಗ ಮೈಕಿನ ಸದ್ದು ಮುಚ್ಚುವುದು), ಜೊತೆಗೆ 4 ಎಫೆಕ್ಟ್. ಇದೆಲ್ಲವನ್ನೂ ಬಿಡಿಬಿಡಿಯಾಗಿ ಕೊಂಡರೆ ಎಷ್ಟೋ ಜಾಸ್ತಿಯಾಗುತ್ತದೆ. ಒಂದೇ ಕೊರತೆ, ಮುಟ್ಟುವುದಕ್ಕೆ ಫೇಡರ್ ಇಲ್ಲ, ಎಲ್ಲ ಟ್ಯಾಬ್ಲೆಟ್‌ನಲ್ಲಿ. ವೈಫೈ ಕೈಕೊಟ್ಟ ದಿನ ಪ್ರಾರ್ಥನೆ ಮಾಡುವವರಲ್ಲಿ ಸೌಂಡ್ ಅಣ್ಣನೇ ಮೊದಲಿಗ. ಬೇರೆ ರೌಟರ್ ಹಾಕಿ, ಇಲ್ಲವೇ ನೆಟ್‌ವರ್ಕ್ ವೈರ್ ಎಳೆದು ಲ್ಯಾಪ್‌ಟಾಪ್ ಇಡಿ.

ಹಾರ್ಮನಿ ಪೆಡಲ್ ಬಗ್ಗೆ ಹುಡುಗರಿಗೆ ಆಸೆ ಜಾಸ್ತಿ. ಒಬ್ಬರು ಹಾಡಿದರೆ ಮೂವರು ಹಾಡಿದ ಹಾಗೆ ಕೇಳುತ್ತದೆ. ವಿಇ-2 ಅಂಥದ್ದು ಗಿಟಾರ್ ಕೇಳಿಸಿಕೊಂಡು ಶ್ರುತಿ ಹಿಡಿಯುತ್ತದೆ. ಆದರೆ ಪಕ್ಕದಲ್ಲಿ ಡ್ರಮ್ಸ್ ಬಾರಿಸುತ್ತಿದ್ದರೆ ಆ ಸದ್ದೂ ಮೈಕಿಗೆ ನುಗ್ಗುತ್ತದೆ, ಪೆಡಲ್ ಅದಕ್ಕೂ ರಾಗ ಕಟ್ಟಲು ಹೊರಡುತ್ತದೆ. ಶ್ರುತಿ ತಿದ್ದುವ ಪಿಚ್ ಕರೆಕ್ಷನ್ ಇನ್ನೂ ಜಾಗ್ರತೆ. ನಮ್ಮ ಕಡೆ ಒಂದೇ ಆರಾಧನೆಯಲ್ಲಿ ಕನ್ನಡ, ತೆಲುಗು, ತಮಿಳು ಹಾಡು ಬರುತ್ತವೆ. ಹಳೆಯ ಕೀರ್ತನೆಗಳಲ್ಲಿ ಗಮಕ ಇರುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ದಾರಿಯನ್ನೇ ಪೆಡಲ್ ತಪ್ಪು ಅಂದುಕೊಂಡು ಮೆಟ್ಟಿಲು ಮೆಟ್ಟಿಲು ಮಾಡಿಬಿಡುತ್ತದೆ. ಕೀಬೋರ್ಡ್ ಜೊತೆಗಿನ ಹೊಸ ಹಾಡುಗಳಿಗೆ ಸ್ವಲ್ಪ ಇಟ್ಟುಕೊಳ್ಳಿ, ಕೀರ್ತನೆಗೆ ಆಫ್ ಮಾಡಿ. ನಾಲ್ಕು ಜನ ನಿಜವಾಗಿ ಹಾಡುವ ಕ್ವಯರ್ ಇದ್ದರೆ ಹಾರ್ಮನಿ ಪೆಡಲ್‌ಗೆ ದುಡ್ಡು ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಯಾವುದೇ ತಂದರೂ ಒಂದು ಸೌಕರ್ಯ ಕಡ್ಡಾಯ ಇರಲಿ: ಒಂದೇ ಏಟಿಗೆ ಎಫೆಕ್ಟ್ ನಿಲ್ಲಿಸುವ ಗುಂಡಿ ಅಥವಾ ಫುಟ್‌ಸ್ವಿಚ್ ಜ್ಯಾಕ್. ಹಾಡು ಮುಗಿದು, ಹಾಡಿದವರೇ ಅದೇ ಮೈಕಿನಲ್ಲಿ "ನಾವೆಲ್ಲರೂ ಪ್ರಾರ್ಥಿಸೋಣ" ಅನ್ನುತ್ತಾರೆ. ಆಗ ಮೆನು ಒಳಗೆ ಹುಡುಕುತ್ತಾ ಕೂತರೆ ಪ್ರಾರ್ಥನೆ ಮುಗಿಯುವವರೆಗೂ ಬಾಲ ಎಳೆಯುತ್ತಿರುತ್ತದೆ.

ಕರೆಂಟ್ ವಿಷಯವೂ ಇದೆ. 1902ರಲ್ಲೇ ಶಿವನಸಮುದ್ರದಿಂದ ಚಿನ್ನದ ಗಣಿಗೆ ವಿದ್ಯುತ್ ಬಂದ ಜಿಲ್ಲೆ ನಮ್ಮದು. ಆದರೂ ಆರಾಧನೆ ಮಧ್ಯೆ ಕರೆಂಟ್ ಹೋಗಿ ಜನರೇಟರ್‌ಗೆ ಬದಲಾಗುವುದು ಹೊಸದೇನಲ್ಲ. ಅಂಗಡಿಯಲ್ಲೇ ಬಾಕ್ಸಿನ ಪ್ಲಗ್ ಕಿತ್ತು ಮತ್ತೆ ಹಾಕಿ ನೋಡಿ. ನೀವು ಇಟ್ಟ ಸೆಟ್ಟಿಂಗ್‌ಗೇ ವಾಪಸ್ ಬರುತ್ತದಾ, ಇಲ್ಲ ಮೊದಲ ನಂಬರಿನ ದೊಡ್ಡ ಹಾಲ್‌ಗೆ ಹೋಗಿ ಕೂರುತ್ತದಾ? ಎರಡನೆಯದಾದರೆ ಬೇಡ ಅನ್ನಿ, ಅಥವಾ ಸಣ್ಣ ಯುಪಿಎಸ್ ಲೆಕ್ಕಕ್ಕೆ ಸೇರಿಸಿ.

ಬೆಂಗಳೂರಿನ ಎಸ್‌ಪಿ ರೋಡ್ ಕಡೆ ಹೋಗುವುದಾದರೆ ನಿಮ್ಮದೇ ಮೈಕ್, ನಿಮ್ಮದೇ ವೈರ್, ಹಾಡುವವರಲ್ಲಿ ಒಬ್ಬರನ್ನು ಕರೆದುಕೊಂಡು ಹೋಗಿ. ಅಂಗಡಿಯವರು ದೊಡ್ಡ ಹಾಲ್ ಇಟ್ಟು ಕೇಳಿಸುತ್ತಾರೆ. ಸಣ್ಣ ಅಂಗಡಿಯಲ್ಲಿ ಅದು ಸ್ವರ್ಗದ ಹಾಗೇ ಕೇಳುತ್ತದೆ. ನೀವು ಪ್ಲೇಟ್ ಹಾಕಿಸಿ, ಒಂದು ಸೆಕೆಂಡಿಗೆ ಇಳಿಸಿ, ಹಾಡುವ ಬದಲು ಬೈಬಲ್‌ನ ಒಂದು ವಚನ ಓದಿಸಿ ಕೇಳಿ. ಆಮೇಲೆ ಮೈಕ್ ಮುಚ್ಚಿ, ವಾಲ್ಯೂಮ್ ಏರಿಸಿ. ಸುಯ್ ಅನ್ನುವ ಸದ್ದು ಎಷ್ಟಿದೆ ಗೊತ್ತಾಗುತ್ತದೆ. ಸೆಕೆಂಡ್ ಹ್ಯಾಂಡ್ ಆದರೆ ಪ್ರತಿ ಗುಂಡಿ ತಿರುಗಿಸಿ ಕರಕರ ಅನ್ನುತ್ತದಾ ನೋಡಿ, ಜ್ಯಾಕ್ ಅಲ್ಲಾಡಿಸಿ ನೋಡಿ.

ಅಡಾಪ್ಟರ್ ಬಾಕ್ಸಿನ ಜೊತೆಯದೇ ಇದೆಯಾ ಅಂತಲೂ ನೋಡಿ. ಬಾಸ್ ಪೆಡಲ್‌ಗೆ 9 ವೋಲ್ಟ್, ಪಿನ್ ಮಧ್ಯ ನೆಗೆಟಿವ್. ಯಮಹಾದ ಎಷ್ಟೋ ಕೀಬೋರ್ಡ್‌ಗಳಿಗೆ 12 ವೋಲ್ಟ್, ಮಧ್ಯ ಪಾಸಿಟಿವ್. ಒಂದರದ್ದು ಇನ್ನೊಂದಕ್ಕೆ ಸಿಕ್ಕಿಸಿದರೆ ಹೊಸ ಪೆಡಲ್ ಮೊದಲ ಭಾನುವಾರವೇ ಸುಟ್ಟುಹೋಗಬಹುದು. ಚರ್ಚಿಗೆ ತಂದ ದಿನವೇ ಎರಡೂ ಅಡಾಪ್ಟರ್ ಮೇಲೆ ವೈಟ್ನರ್‌ನಲ್ಲಿ ದಪ್ಪಕ್ಷರದಲ್ಲಿ ಹೆಸರು ಬರೆದುಬಿಡಿ.